ಬ್ಯಾಡಗಿಯ ಶಾಸಕರು ಹಾವೇರಿಗೆ ಬಂದದ್ದು ಹೇಗೆ?

ಪ್ರಶ್ನೆ: ನಮ್ಮ ಹಾವೇರಿ ಕ್ಷೇತ್ರದ ಈಗಿನ ಎಂಎಲ್ಎ ಮೊದಲು ಬ್ಯಾಡಗಿಯೊಳಗ ಆರಿಸಿ ಬಂದಿದ್ದರು, ಈಗ ಬ್ಯಾಡಗಿಯೊಳಗ ಇರೋ ಎಂಎಲ್ಎ ಮೊದಲು ಹಾವೇರಿಯೊಳಗ ಇದ್ದರು ಅಂತ ನಮ್ಮ ಅಪ್ಪಾರು ಹೇಳತಾರ. ಇದು ಖರೇನ? ಖರೆ ಇದ್ದರ ಯಾಕ ಹಂಗಾತು? ಎಂಎಲ್ಎ ಆದವರ ದಿನ ಹೆಂಗ ಹೋಗತೈತಿ, ಸೋತ ಮ್ಯಾಲೆ ಏನ ಆಗತೈತಿ, ಸ್ವಲ್ಪ ಬಿಡಿಸಿ ಬರೀರಿ.
— ಒಬ್ಬ ಕಾಲೇಜು ವಿದ್ಯಾರ್ಥಿ, ಕರ್ಜಗಿ

ಉತ್ತರ: ನಿಮ್ಮ ತಂದೆಯವರು ಹೇಳಿದ್ದು ಖರೆ. ಹಾವೇರಿಯ ಈಗಿನ ಶಾಸಕ ರುದ್ರಪ್ಪ ಲಮಾಣಿಯವರು 1999ರಲ್ಲಿ ವಿಧಾನಸಭೆಯ ಮೆಟ್ಟಿಲು ಹತ್ತಿದ್ದು ಬ್ಯಾಡಗಿಯ ಮತದಿಂದ. 2004ರಲ್ಲಿ ಅದೇ ಬ್ಯಾಡಗಿಯಲ್ಲಿ ಗೆದ್ದವರು ನೆಹರು ಓಲೇಕಾರ. ಆಮೇಲೆ ಈ ಇಬ್ಬರೂ ಹಾವೇರಿಗೆ ಬಂದರು. ಅತ್ತ ಹಾವೇರಿಯ ಶಾಸಕರಾಗಿದ್ದ ಬಸವರಾಜ ಶಿವಣ್ಣನವರ ಬ್ಯಾಡಗಿಗೆ ಹೋಗಿ 2013ರಲ್ಲಿ ಗೆದ್ದರು, 2023ರಲ್ಲಿ ಮತ್ತೆ ಗೆದ್ದರು. ಇವರಲ್ಲಿ ಯಾರೂ ತಮ್ಮ ಊರಿನ ಜನರ ಮೇಲೆ ಮುನಿಸಿಕೊಂಡು ಎದ್ದು ಹೋದವರಲ್ಲ. ಅವರ ಕಾಲ ಕೆಳಗಿನ ನೆಲವನ್ನೇ ದೆಹಲಿಯಲ್ಲಿ ಕುಳಿತ ಒಂದು ಆಯೋಗ ಆಚೀಚೆ ಸರಿಸಿತ್ತು.

2008ರವರೆಗೆ ಈ ಭಾಗದಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಕ್ಷೇತ್ರ ಬ್ಯಾಡಗಿ. ಹಾವೇರಿ ಸಾಮಾನ್ಯ ಕ್ಷೇತ್ರವಾಗಿತ್ತು. 2002ರ ಕಾಯ್ದೆಯಂತೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯಲ್ಲಿ ರಚನೆಯಾದ ಕ್ಷೇತ್ರ ಪುನರ್ವಿಂಗಡಣಾ ಆಯೋಗ ದೇಶದ ಕ್ಷೇತ್ರಗಳ ಗಡಿಗಳನ್ನು ಹೊಸದಾಗಿ ಬರೆಯಿತು. 2001ರ ಜನಗಣತಿಯ ಅಂಕಿಗಳನ್ನು ಮುಂದಿಟ್ಟುಕೊಂಡು, ಪರಿಶಿಷ್ಟ ಜಾತಿಯವರ ಪ್ರಮಾಣ ಹೆಚ್ಚಿರುವ ಕ್ಷೇತ್ರಗಳನ್ನು ಗುರುತಿಸಿ, ಅವು ಒಂದೇ ಕಡೆ ಗುಂಪಾಗದಂತೆ ರಾಜ್ಯದ ಬೇರೆಬೇರೆ ಭಾಗಗಳಿಗೆ ಹಂಚಬೇಕು ಎನ್ನುವುದು ನಿಯಮ. ರಾಜ್ಯದ ಒಟ್ಟು ಸ್ಥಾನ 224 ಇದ್ದದ್ದು ಹಾಗೆಯೇ ಉಳಿಯಿತು. ಪರಿಶಿಷ್ಟ ಜಾತಿಯ ಮೀಸಲು ಸ್ಥಾನ 33ರಿಂದ 36ಕ್ಕೆ, ಪರಿಶಿಷ್ಟ ಪಂಗಡದ್ದು 2ರಿಂದ 15ಕ್ಕೆ ಏರಿತು. ಹಾವೇರಿ ಜಿಲ್ಲೆಯ ಪಾಲಿಗೆ ಹಾನಗಲ್, ಶಿಗ್ಗಾವಿ, ಹಾವೇರಿ, ಬ್ಯಾಡಗಿ, ಹಿರೇಕೆರೂರು, ರಾಣೆಬೆನ್ನೂರು ಎಂದು 82ರಿಂದ 87ರ ತನಕ ಆರು ಕ್ಷೇತ್ರಗಳು ಬಂದವು. ಅವುಗಳಲ್ಲಿ 84ನೇ ನಂಬರಿನ ಹಾವೇರಿ ಮೀಸಲಾಯಿತು, 85ನೇ ಬ್ಯಾಡಗಿ ಸಾಮಾನ್ಯವಾಯಿತು. ಹೊಸ ಗಡಿಗಳ ಮೇಲೆ ಇಡೀ ದೇಶದಲ್ಲಿ ಮೊದಲು ಚುನಾವಣೆ ನಡೆದದ್ದು ನಮ್ಮ ರಾಜ್ಯದಲ್ಲೇ, 2008ರ ಮೇ ತಿಂಗಳಲ್ಲಿ.

ಗೆರೆ ಸರಿಯುವುದು ನಿಮ್ಮ ಊರಿಗೆ ಹೊಸದಲ್ಲ ಬಿಡಿ. ಬ್ರಿಟಿಷರ ಕಾಲದ ಧಾರವಾಡ ಜಿಲ್ಲೆಯ ಗೆಜೆಟಿಯರ್ ತೆರೆದರೆ ಅಲ್ಲಿ ತಾಲ್ಲೂಕಿನ ಹೆಸರು ಕರ್ಜಗಿ, ಹಾವೇರಿ ಆ ತಾಲ್ಲೂಕಿನೊಳಗಿನ ಒಂದು ಪೇಟೆ. ಕಚೇರಿ ಅಲ್ಲಿತ್ತು, ಹೆಸರು ನಿಮ್ಮದಿತ್ತು. ಈಗ ಹಾವೇರಿ ಜಿಲ್ಲಾ ಕೇಂದ್ರ. 1997ರ ಆಗಸ್ಟ್ 24ರಂದು ಹೊಸ ಜಿಲ್ಲೆಯಾಯಿತು. ಕರ್ಜಗಿಗೆ ಉಳಿದದ್ದು ರೈಲು ನಿಲ್ದಾಣ, ವರದಾ ನದಿ, ಕಾರಹುಣ್ಣಿಮೆಯ ಸಂಭ್ರಮ. 1956ರ ನವೆಂಬರ್ 1ರ ತನಕ ನಿಮ್ಮ ಕಡೆಯ ಶಾಸಕರು ಕುಳಿತುಕೊಳ್ಳುತ್ತಿದ್ದದ್ದು ಮುಂಬಯಿಯ ಸದನದಲ್ಲಿ ಎಂಬುದನ್ನೂ ನೆನಪಿಡಿ.

ಗಡಿ ಸರಿದಾಗ ಮತದಾರನಿಗೆ ಆಗುವ ತೊಂದರೆ ಅಷ್ಟಕ್ಕಷ್ಟೇ. ಹೊಸ ಮುಖವನ್ನು ಪರಿಚಯ ಮಾಡಿಕೊಂಡರೆ ಮುಗಿಯಿತು. ಶಾಸಕನಿಗೆ ಹಾಗಲ್ಲ. ಹತ್ತು ವರ್ಷ ಒಂದು ತಾಲ್ಲೂಕಿನ ಪ್ರತಿ ಊರಿನಲ್ಲಿ ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ತಿಥಿ, ಯಾವ ಗೌಡರಿಗೂ ಯಾವ ಗೌಡರಿಗೂ ಮಾತಿಲ್ಲ ಎಂಬುದನ್ನೆಲ್ಲ ತಲೆಯಲ್ಲಿ ತುಂಬಿಕೊಂಡವನು ಬೇರೆ ಊರಿನಲ್ಲಿ ಮತ್ತೆ ಒಂದನೇ ಇಯತ್ತೆಯಿಂದ ಶುರು ಮಾಡಬೇಕು. 2004ರಲ್ಲಿ ಹಾವೇರಿಯಿಂದ ಗೆದ್ದಿದ್ದ ಶಿವರಾಜ ಸಜ್ಜನರಿಗೆ ನಾಲ್ಕು ವರ್ಷದಲ್ಲಿ ತಮ್ಮದೇ ಕ್ಷೇತ್ರದಲ್ಲಿ ಸ್ಪರ್ಧಿಸುವ ಅವಕಾಶ ಕಾನೂನಿನಂತೆ ಇಲ್ಲವಾಯಿತು. ಅವರನ್ನು 2021ರಲ್ಲಿ ನಾವು ನೋಡಿದ್ದು ಹಾನಗಲ್ ಉಪಚುನಾವಣೆಯ ಬಿಜೆಪಿ ಅಭ್ಯರ್ಥಿಯಾಗಿ. ಅಲ್ಲಿ ಅವರು ಸೋತರು.

ಹಾವೇರಿ ಮೀಸಲಾದ ಮೇಲೆ ಇಬ್ಬರ ಸರದಿ ಶುರುವಾಯಿತು. 2008ರಲ್ಲಿ ಓಲೇಕಾರ, 2013ರಲ್ಲಿ ಲಮಾಣಿ, 2018ರಲ್ಲಿ ಮತ್ತೆ ಓಲೇಕಾರ, 2023ರಲ್ಲಿ ಮತ್ತೆ ಲಮಾಣಿ. ಲಮಾಣಿಯವರ ಲೆಕ್ಕವನ್ನಷ್ಟೇ ಬಿಡಿಸಿ ನೋಡಿ. 1999ರಿಂದ 2004ರವರೆಗೆ ಶಾಸಕ. ಆಮೇಲೆ ಒಂಬತ್ತು ವರ್ಷ ಮಾಜಿ. 2013ರಲ್ಲಿ ಮತ್ತೆ ಶಾಸಕ, 2016ರ ಜೂನ್‌ನಲ್ಲಿ ಸಿದ್ದರಾಮಯ್ಯ ಸಂಪುಟಕ್ಕೆ ಸೇರ್ಪಡೆ, ಜವಳಿ ಮತ್ತು ಮುಜರಾಯಿ ಖಾತೆ. 2018ರಲ್ಲಿ ಸೋಲು, ಐದು ವರ್ಷ ಮತ್ತೆ ಮಾಜಿ. 2023ರ ಜುಲೈ 6ರಂದು ವಿಧಾನಸಭೆಯ ಉಪಾಧ್ಯಕ್ಷ. ಲಂಬಾಣಿ ಸಮುದಾಯದವರೊಬ್ಬರು ಆ ಪೀಠ ಏರಿದ್ದು ಜಿಲ್ಲೆಯ ತಾಂಡಾಗಳಲ್ಲಿ ಸಣ್ಣ ಸುದ್ದಿಯಾಗಿರಲಿಲ್ಲ. ಕಾಲು ಶತಮಾನದ ರಾಜಕೀಯದಲ್ಲಿ ಹದಿನಾಲ್ಕು ವರ್ಷ ಅಧಿಕಾರವಿಲ್ಲದೆ ಕಳೆದವರು ಅವರು. ನಿಮ್ಮ ‘ಸೋತ ಮ್ಯಾಲೆ ಏನ ಆಗತೈತಿ’ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಸೋತವನು ಗೆದ್ದವನಷ್ಟೇ ಓಡಾಡಬೇಕು, ಅದೂ ಕೈಯಲ್ಲಿ ಅಧಿಕಾರವಿಲ್ಲದೆ.

ಪೀಠದ ಕುರ್ಚಿ ದೂರದಿಂದ ನೋಡುವವರಿಗೆ ಸುಖದ್ದು. 2023ರ ಜುಲೈ 19ರಂದು ವಿಧಾನಸಭೆಯಲ್ಲಿ ನಡೆದದ್ದನ್ನು ಕೇಳಿ. ಲಮಾಣಿಯವರು ಉಪಾಧ್ಯಕ್ಷರಾಗಿ ಎರಡು ವಾರವೂ ಆಗಿರಲಿಲ್ಲ. ಬೆಂಗಳೂರಿನಲ್ಲಿ ಅದೇ ವಾರ ರಾಷ್ಟ್ರಮಟ್ಟದ ವಿರೋಧ ಪಕ್ಷಗಳ ಒಕ್ಕೂಟದ ಸಭೆ ನಡೆದಿತ್ತು. ಬೇರೆ ರಾಜ್ಯಗಳ ನಾಯಕರನ್ನು ಬರಮಾಡಿಕೊಳ್ಳಲು ಐಎಎಸ್ ಅಧಿಕಾರಿಗಳನ್ನು ನಿಯೋಜಿಸಿದ್ದು ತಪ್ಪು ಎಂದು ಬಿಜೆಪಿ ಶಾಸಕರು ಬಾವಿಗಿಳಿದು ಘೋಷಣೆ ಹಾಕುತ್ತಿದ್ದರು. ಮಧ್ಯಾಹ್ನದ ಊಟದ ಬಿಡುವು ಕೊಡದೆ ಕಲಾಪ ಮುಂದುವರಿಸುವುದಾಗಿ ಹೇಳಿ ಸಭಾಧ್ಯಕ್ಷ ಯು.ಟಿ. ಖಾದರ್ ಪೀಠವನ್ನು ಲಮಾಣಿಯವರಿಗೆ ಬಿಟ್ಟು ಹೊರಟರು. ಊಟದ ಹೊತ್ತಿಗೆ ಊಟ ಬಿಡಿಸಿದರೆ ಯಾವ ಮನೆಯಲ್ಲಾದರೂ ಜಗಳವೇ. ಸದಸ್ಯರು ಮಸೂದೆಯ ಪ್ರತಿಗಳನ್ನು, ಕಾರ್ಯಸೂಚಿಯ ಹಾಳೆಗಳನ್ನು ಹರಿದು ಪೀಠದತ್ತ ಎಸೆದರು. ಮಾರ್ಷಲ್‌ಗಳು ಅಡ್ಡ ನಿಂತರು. ಕುಳಿತಿದ್ದ ಮನುಷ್ಯನ ಮೇಲೆ ಕಾಗದದ ಚೂರುಗಳು ಬಿದ್ದವು. ಆ ಸಂಜೆಯೊಳಗೆ ಹತ್ತು ಮಂದಿ ಬಿಜೆಪಿ ಶಾಸಕರು ಅಧಿವೇಶನ ಮುಗಿಯುವವರೆಗೆ ಅಮಾನತಾದರು, ಅವರನ್ನು ಮಾರ್ಷಲ್‌ಗಳು ಎತ್ತಿಕೊಂಡೇ ಹೊರಗೆ ಬಿಟ್ಟರು. ದಲಿತ ಉಪಾಧ್ಯಕ್ಷರಿಗೆ ಅವಮಾನ ಎಂದು ಆಡಳಿತ ಪಕ್ಷ ಹೇಳಿತು. ತಕರಾರು ಸಭಾಧ್ಯಕ್ಷರ ನಡೆಯ ಬಗ್ಗೆ ಎಂದು ವಿರೋಧ ಪಕ್ಷ ಹೇಳಿ, ಅವರ ವಿರುದ್ಧ ಅವಿಶ್ವಾಸದ ನೋಟಿಸನ್ನೂ ಕೊಟ್ಟಿತು. ಎರಡೂ ಕಡೆಯವರ ವಾದ ಏನೇ ಇರಲಿ, ಇಡೀ ಪ್ರಸಂಗದಲ್ಲಿ ಬಾಯಿ ಬಿಡುವಂತಿಲ್ಲದೆ ಕುಳಿತವರು ಒಬ್ಬರೇ. ಪೀಠದಲ್ಲಿ ಇರುವವರು ಚರ್ಚೆಯಲ್ಲಿ ಸೇರುವಂತಿಲ್ಲ, ಎರಡೂ ಕಡೆ ಸಮ ಮತ ಬಿದ್ದಾಗ ಮಾತ್ರ ತಮ್ಮ ಮತ ಹಾಕಬಹುದು.

ನಿಮ್ಮ ಜಿಲ್ಲೆಗೂ ಈ ಪೀಠಗಳಿಗೂ ಹಳೆಯ ನಂಟಿದೆ. ನಿಮ್ಮೂರಿನಂತೆಯೇ ವರದಾ ದಂಡೆಯಲ್ಲಿರುವ ಹೊಸರಿತ್ತಿಯ ಗುದ್ಲೆಪ್ಪ ಹಳ್ಳಿಕೇರಿಯವರು 1960ರ ದಶಕದಲ್ಲಿ ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದರು. ಹಾವೇರಿಯ ಜಿ.ಎಚ್. ಕಾಲೇಜಿಗೆ ಇರುವುದು ಅವರದೇ ಹೆಸರು, ನೀವು ಅಲ್ಲೇ ಓದುತ್ತಿದ್ದರೂ ಆಶ್ಚರ್ಯವಿಲ್ಲ. ಹಿರೇಕೆರೂರಿನ ಬಿ.ಜಿ. ಬಣಕಾರ 1985ರಿಂದ 1989ರವರೆಗೆ ವಿಧಾನಸಭಾಧ್ಯಕ್ಷರು. ರಾಣೆಬೆನ್ನೂರಿನಿಂದ ಐದು ಬಾರಿ ಗೆದ್ದ ಕೆ.ಬಿ. ಕೋಳಿವಾಡ 2016ರ ಜುಲೈನಿಂದ 2018ರವರೆಗೆ ಅದೇ ಸ್ಥಾನದಲ್ಲಿದ್ದರು. ಆರು ಕ್ಷೇತ್ರದ ಜಿಲ್ಲೆಗೆ ಇದು ದೊಡ್ಡ ಪಾಲು.

ಹಳ್ಳಿಕೇರಿಯವರ ಪೀಳಿಗೆ ಸದನಕ್ಕೆ ಬಂದದ್ದು ಜೈಲಿನ ದಾರಿಯಿಂದ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೈಲಾರ ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಗುಂಡಿಗೆ ಬಲಿಯಾದ ನೆಲ ಅದು. ಆಗಿನವರಿಗೆ ಮತ ಕೇಳಲು ಬೇರೆ ಪರಿಚಯ ಬೇಕಿರಲಿಲ್ಲ. ಕೋಳಿವಾಡರ ಕಾಲ ಬೇರೆ. ಅವರು ಪೀಠದಲ್ಲಿದ್ದಾಗಲೇ, 2017ರ ಜೂನ್‌ನಲ್ಲಿ, ಶಾಸಕರ ಹಕ್ಕುಚ್ಯುತಿ ಆಯಿತೆಂದು ಇಬ್ಬರು ಪತ್ರಕರ್ತರಿಗೆ ಒಂದು ವರ್ಷ ಜೈಲು, 10 ಸಾವಿರ ರೂಪಾಯಿ ದಂಡ ವಿಧಿಸುವ ನಿರ್ಣಯ ಸದನದಲ್ಲಿ ಆಯಿತು. ದೂರು ಕೊಟ್ಟಿದ್ದ ಶಾಸಕರಲ್ಲಿ ಕೋಳಿವಾಡರೂ ಒಬ್ಬರು. ದೂರು ಕೊಟ್ಟವರೇ ಪೀಠದಲ್ಲಿ ಕುಳಿತು ಶಿಕ್ಷೆ ಪ್ರಕಟಿಸುವುದು ನನಗಂತೂ ಒಪ್ಪಿಗೆಯಾಗದ ಸಂಗತಿ. ಊರ ಪಂಚಾಯಿತಿಕಟ್ಟೆಯಲ್ಲಿಯೂ ಅಂಥ ಹೊತ್ತಿನಲ್ಲಿ ಹಿರಿಯರು ಎದ್ದು ಪಕ್ಕಕ್ಕೆ ಕೂಡುತ್ತಿದ್ದರು.

ಇನ್ನು ದಿನಚರಿಯ ವಿಷಯ. ಕಾನೂನು ಮಾಡುವುದು, ಬಜೆಟ್ ಒಪ್ಪುವುದು, ಸರ್ಕಾರವನ್ನು ಪ್ರಶ್ನಿಸುವುದು ಶಾಸಕರ ಕೆಲಸ ಎಂದು ನೀವು ಪುಸ್ತಕದಲ್ಲಿ ಓದಿರುತ್ತೀರಿ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕು ಎಂದು ನಮ್ಮ ವಿಧಾನಮಂಡಲ 2005ರಲ್ಲಿ ತಾನೇ ಕಾಯ್ದೆ ಮಾಡಿಕೊಂಡಿತು. ತಾನು ಮಾಡಿದ ಆ ಕಾಯ್ದೆಯನ್ನು ತಾನೇ ಪಾಲಿಸಿದ ವರ್ಷಗಳು ಕಡಿಮೆ. ಅರವತ್ತು ದಿನವನ್ನೇ ಹಿಡಿದರೂ ಮಿಕ್ಕ ಮುನ್ನೂರು ದಿನ ಶಾಸಕ ಎಲ್ಲಿರುತ್ತಾನೆ?

ಕ್ಷೇತ್ರದಲ್ಲಿ. ಬೆಳಿಗ್ಗೆ ಏಳಕ್ಕೇ ಮನೆಯ ಮುಂದೆ ಚಪ್ಪಲಿಗಳ ರಾಶಿ. ಒಬ್ಬರ ಮಗಳಿಗೆ ಹಾಸ್ಟೆಲ್ ಸೀಟು, ಇನ್ನೊಬ್ಬರ ಅಳಿಯನಿಗೆ ವರ್ಗಾವಣೆ, ಮತ್ತೊಬ್ಬರ ಹೊಲದ ಟಿಸಿ ಸುಟ್ಟು ನಾಲ್ಕು ದಿನ. ಪಿಎ ಒಂದು ಫೋನ್ ಕಿವಿಗಿಟ್ಟು ಇನ್ನೊಂದರಲ್ಲಿ ತಹಶೀಲ್ದಾರರ ನಂಬರು ಹುಡುಕುತ್ತಿರುತ್ತಾನೆ. ಶಾಸಕರು ಅರ್ಜಿಯ ಮೂಲೆಯಲ್ಲಿ ‘ಪರಿಶೀಲಿಸಿ ಕ್ರಮ ಕೈಗೊಳ್ಳಿ’ ಎಂದು ಗೀಚಿ ಸಹಿ ಹಾಕಿ ಕೊಡುತ್ತಾರೆ. ಅರ್ಜಿದಾರ ಆ ಹಾಳೆಯನ್ನು ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಳ್ಳುವ ರೀತಿ ನೋಡಿದರೆ ಕೆಲಸ ಆಗಿಯೇ ಹೋಯಿತು ಅನ್ನಬೇಕು. ಆ ಸಹಿ ನೋಡಿದ ಅಧಿಕಾರಿ, ಶಾಸಕರು ಫೋನ್ ಕೂಡ ಮಾಡುತ್ತಾರೋ ಇಲ್ಲವೋ ಎಂದು ಎರಡು ದಿನ ಕಾಯುತ್ತಾನೆ. ಫೋನ್ ಬಾರದಿದ್ದರೆ ಹಾಳೆ ಕಡತದ ಹೊಟ್ಟೆ ಸೇರುತ್ತದೆ. ಆಮೇಲೆ ಗುದ್ದಲಿ ಪೂಜೆ, ಸಮುದಾಯ ಭವನದ ಉದ್ಘಾಟನೆ, ಮಧ್ಯಾಹ್ನ ನಾಲ್ಕು ಮದುವೆ, ಎಲ್ಲ ಕಡೆ ಒಂದೊಂದು ತುತ್ತು. ದೀಪಾವಳಿ ಹೊತ್ತಿಗಾದರೆ ಊರೂರಲ್ಲಿ ಕೊಬ್ಬರಿ ಹೋರಿ ಬೆದರಿಸುವ ಸ್ಪರ್ಧೆ. ಹಾವೇರಿಯಲ್ಲಿ ದೊಡ್ಡವರ ಕೊರಳಿಗೆ ಏಲಕ್ಕಿ ಹಾರ ಬೀಳುತ್ತದೆ. ಅದು ನೋಡಲು ಚಂದ, ಆದರೆ ಬೇಸಿಗೆಯ ವೇದಿಕೆಯಲ್ಲಿ ಹಾಕಿಕೊಂಡು ಕುಳಿತವರಿಗೇ ಗೊತ್ತು.

ಇದೆಲ್ಲ ತೋರಿಕೆಯ ಓಡಾಟ ಎಂದು ತಳ್ಳಿಹಾಕಬೇಡಿ. ಕೈಯಲ್ಲಿ ನಿಜವಾದ ಅಧಿಕಾರ ಇರುವ ಕೆಲವು ಜಾಗಗಳೂ ಇವೆ. ಸರ್ಕಾರಿ ಜಮೀನು ಉಳುತ್ತ ಬಂದವರು ನಮೂನೆ 57ರಲ್ಲಿ ಸಲ್ಲಿಸಿದ ಅರ್ಜಿಗಳನ್ನು ತೀರ್ಮಾನಿಸುವ ಬಗರ್‌ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು. ಪೇಟೆಯ ಬಡವರಿಗೆ ನಿವೇಶನ, ಮನೆ ಹಂಚುವ ಆಶ್ರಯ ಸಮಿತಿಗೂ ಅವರೇ. ತಾಲ್ಲೂಕಿನ ಕೆಡಿಪಿ ಸಭೆಯಲ್ಲಿ ಇಲಾಖೆಗಳ ಅಧಿಕಾರಿಗಳನ್ನು ನಿಲ್ಲಿಸಿ ಕೇಳುವವರೂ ಅವರೇ. ಪ್ರದೇಶಾಭಿವೃದ್ಧಿ ನಿಧಿ ಎಂದು ವರ್ಷಕ್ಕೆ 2 ಕೋಟಿ ರೂಪಾಯಿ. ಒಂದು ಕ್ಷೇತ್ರದ ಊರುಗಳಿಗೆಲ್ಲ ಹಂಚಿ ನೋಡಿ, ಊರಿಗೊಂದು ಗಟಾರ ಆದೀತು, ಅಷ್ಟೆ. ಹಾಗಾಗಿ ಚಾಣಾಕ್ಷ ಶಾಸಕ ಎಂದರೆ ಈ ನಿಧಿಯನ್ನು ನಂಬಿ ಕೂತವನಲ್ಲ. ವಿಧಾನಸೌಧದ ಮೂರನೇ ಮಹಡಿಗೆ ಹತ್ತು ಸಲ ಹತ್ತಿಳಿದು, ಲೋಕೋಪಯೋಗಿ ಇಲಾಖೆಯ ಪಟ್ಟಿಯಲ್ಲಿ ತನ್ನ ರಸ್ತೆಯನ್ನು ಸೇರಿಸಿಕೊಂಡು ಬರುವವನು. ಹಾನಗಲ್ಲಿನ ಸಿ.ಎಂ. ಉದಾಸಿಯವರು ಲೋಕೋಪಯೋಗಿ ಸಚಿವರೇ ಆಗಿದ್ದರಿಂದ ಅವರ ಹೆಸರು ಜಿಲ್ಲೆಯಲ್ಲಿ ಇವತ್ತಿಗೂ ರಸ್ತೆಗಳ ಜೊತೆಗೇ ಬರುತ್ತದೆ.

ಜನ ಕೇಳುವುದಕ್ಕೂ ಶಾಸಕನ ಕೈಗೆ ಎಟಕುವುದಕ್ಕೂ ನಡುವೆ ಎಷ್ಟು ದೂರ ಎಂಬುದು ಕಾಣುವುದು ಕೆಟ್ಟ ದಿನಗಳಲ್ಲಿ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಇಬ್ಬರು ರೈತರು ಸತ್ತರು. ಚುನಾವಣೆಯ ಫಲಿತಾಂಶ ಬಂದು ಆಗ ಹದಿನಾರೇ ದಿನ. ಹೊಸ ಮೀಸಲು ಕ್ಷೇತ್ರದ ಹೊಸ ಶಾಸಕರು ಅಭಿನಂದನೆಯ ಹಾರ ತೆಗೆದಿಡುವಷ್ಟರಲ್ಲಿ ಊರಿನಲ್ಲಿ ಹೆಣ ಬಿದ್ದಿದ್ದವು. ಗೊಬ್ಬರದ ಹಂಚಿಕೆ ಶಾಸಕನ ಕೈಯಲ್ಲಿಲ್ಲ, ಗುಂಡಿನ ಆದೇಶವೂ ಇಲ್ಲ. ಆದರೆ ಸತ್ತವರ ಮನೆಯ ಕಟ್ಟೆಯ ಮೇಲೆ ಹೋಗಿ ಕೂಡಬೇಕಾದವರು ಅವರೇ. ಬ್ಯಾಡಗಿಯಲ್ಲಿ 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಇಟ್ಟರು. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಪೇಟೆಗೆ ದೂರದ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಮಾಲು ಬರುತ್ತದೆ. ಬೆಲೆ ಕಟ್ಟುವವರು ವ್ಯಾಪಾರಿಗಳು, ಬೇಡಿಕೆ ಹೊರಗಿನದು. ಆದರೂ ಮೊದಲ ಫೋನು ಹೋಗುವುದು ಸ್ಥಳೀಯ ಶಾಸಕರಿಗೇ.

ಗಡಿ ಬದಲಾದದ್ದರಿಂದ ಬದುಕು ಬದಲಾದವರ ಕತೆ ಹೇಳಿದೆ. ಗಡಿ ಒಂದಿಷ್ಟೂ ಅಲುಗದೆ ಇದ್ದಲ್ಲೇ ಗಿರಗಿಟ್ಟಲೆಯಂತೆ ತಿರುಗಿದವರ ಕತೆ ಬೇಕೆಂದರೆ ರಾಣೆಬೆನ್ನೂರಿಗೆ ಹೋಗಬೇಕು. ಆರ್. ಶಂಕರ್ ಬೆಂಗಳೂರಿನವರು, ಅಲ್ಲಿ ಉಪಮೇಯರ್ ಆಗಿದ್ದವರು. ರಾಣೆಬೆನ್ನೂರಿಗೆ ಬಂದು 2013ರಲ್ಲಿ ಪಕ್ಷೇತರರಾಗಿ ನಿಂತು ಸೋತರು, ಆದರೆ ಊರು ಬಿಡಲಿಲ್ಲ. 2018ರಲ್ಲಿ ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷದ ಆಟೊ ಗುರುತಿನ ಮೇಲೆ ನಿಂತು, ಹಾಲಿ ಸಭಾಧ್ಯಕ್ಷರಾಗಿದ್ದ ಕೋಳಿವಾಡರನ್ನೇ ಸೋಲಿಸಿದರು. ಯಾರಿಗೂ ಬಹುಮತವಿಲ್ಲದ ಸದನದಲ್ಲಿ ಒಂಟಿ ಶಾಸಕನ ಬೆಲೆ ಏನೆಂದು ಆ ವಾರ ರಾಜ್ಯಕ್ಕೆಲ್ಲ ಗೊತ್ತಾಯಿತು. ಜೂನ್‌ನಲ್ಲಿ ಕುಮಾರಸ್ವಾಮಿ ಸಂಪುಟದಲ್ಲಿ ಅರಣ್ಯ ಸಚಿವ. ಕೃಷ್ಣಮೃಗ ಧಾಮ ಇರುವ ರಾಣೆಬೆನ್ನೂರಿನವರಿಗೆ ಅರಣ್ಯ ಖಾತೆ ಒಪ್ಪುವಂಥದ್ದೇ. ಡಿಸೆಂಬರ್‌ನಲ್ಲಿ ಅದು ಹೋಯಿತು. 2019ರ ಜೂನ್‌ನಲ್ಲಿ ಮತ್ತೆ ಸಚಿವ, ಜೊತೆಗೆ ತಮ್ಮ ಪಕ್ಷ ಕಾಂಗ್ರೆಸ್ಸಿನಲ್ಲಿ ವಿಲೀನವಾಗಿದೆ ಎಂಬ ಪತ್ರ. ತಿಂಗಳು ತುಂಬುವ ಮೊದಲೇ, ಜುಲೈ 8ರಂದು, ರಾಜೀನಾಮೆ ಕೊಟ್ಟು ಬಿಜೆಪಿಗೆ ಬೆಂಬಲ.

ಆ ವಿಲೀನದ ಕಾಗದವೇ ಮುಳ್ಳಾಯಿತು. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾಯ್ದೆ, ಪಕ್ಷ ಬಿಟ್ಟವರ ಸದಸ್ಯತ್ವ ಕಿತ್ತುಕೊಳ್ಳುವ ಅಧಿಕಾರವನ್ನು ಸಭಾಧ್ಯಕ್ಷರಿಗೆ ಕೊಟ್ಟಿದೆ. ಸಭಾಧ್ಯಕ್ಷ ರಮೇಶ್ ಕುಮಾರ್ 2019ರ ಜುಲೈ 25ರಂದು ಶಂಕರ್ ಅವರನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಚುನಾವಣೆಗೆ ನಿಲ್ಲಬಹುದು ಎಂದಿತು. ನಿಲ್ಲಬಹುದು ನಿಜ, ಟಿಕೆಟ್ ಬೇಕಲ್ಲ? ಡಿಸೆಂಬರ್ ಉಪಚುನಾವಣೆಯ ಬಿಜೆಪಿ ಟಿಕೆಟ್ ಅರುಣಕುಮಾರ ಪೂಜಾರರಿಗೆ ಹೋಯಿತು, ಅವರು ಕೋಳಿವಾಡರನ್ನು ಸೋಲಿಸಿದರು. ಶಂಕರ್ 2020ರಲ್ಲಿ ವಿಧಾನ ಪರಿಷತ್ ಸದಸ್ಯರಾದರು, 2021ರ ಜನವರಿಯಲ್ಲಿ ಯಡಿಯೂರಪ್ಪ ಸಂಪುಟದಲ್ಲಿ ತೋಟಗಾರಿಕೆ ಮತ್ತು ರೇಷ್ಮೆ ಸಚಿವರಾದರು, ಆಗಸ್ಟ್‌ನ ಬೊಮ್ಮಾಯಿ ಸಂಪುಟದಲ್ಲಿ ಇರಲಿಲ್ಲ. 2023ರಲ್ಲಿ ಪರಿಷತ್ತಿಗೆ ರಾಜೀನಾಮೆ ಕೊಟ್ಟು ಎನ್‌ಸಿಪಿಯಿಂದ ರಾಣೆಬೆನ್ನೂರಿನಲ್ಲಿ ನಿಂತು ಸೋತರು. ಗೆದ್ದವರು ಕೋಳಿವಾಡರ ಮಗ ಪ್ರಕಾಶ ಕೋಳಿವಾಡ. ಐದು ವರ್ಷದಲ್ಲಿ ಮೂರು ಸಲ ಸಚಿವ, ಒಂದು ಸಲ ಅನರ್ಹ, ಎರಡೂ ಸದನದ ಸದಸ್ಯತ್ವ. ಇದನ್ನು ಕಾದಂಬರಿಯಲ್ಲಿ ಬರೆದರೆ ಸಂಪಾದಕರು ಹೆಚ್ಚಾಯಿತೆಂದು ಅರ್ಧ ಹೊಡೆದುಹಾಕುತ್ತಾರೆ.

ನಾನು ಈ ಜಿಲ್ಲೆಯ ಶಾಸಕರ ಬದುಕನ್ನು ನೋಡುತ್ತ ಬಂದಂತೆ ಒಂದು ಮಾತು ಗಟ್ಟಿಯಾಗುತ್ತ ಹೋಗಿದೆ. ಅವರ ದೊಡ್ಡ ತಿರುವುಗಳನ್ನು ಬರೆದದ್ದು ಬರೇ ಮತಪೆಟ್ಟಿಗೆಯಲ್ಲ. ಆಯೋಗದ ಆದೇಶ, ಸಭಾಧ್ಯಕ್ಷರ ತೀರ್ಪು, ಎಲ್ಲಕ್ಕಿಂತ ಹೆಚ್ಚಾಗಿ ಪಕ್ಷದ ಬಿ ಫಾರಂ. 2018ರಲ್ಲಿ ಬ್ಯಾಡಗಿಯ ಹಾಲಿ ಶಾಸಕ ಶಿವಣ್ಣನವರಿಗೆ ಕಾಂಗ್ರೆಸ್ ಟಿಕೆಟ್ ಸಿಗಲಿಲ್ಲ, ಆ ಸಲ ಬಿಜೆಪಿಯ ವಿರೂಪಾಕ್ಷಪ್ಪ ಬಳ್ಳಾರಿ ಗೆದ್ದರು. ಅದೇ ವರ್ಷ ಹಾನಗಲ್ಲಿನ ಹಾಲಿ ಶಾಸಕ ಮನೋಹರ ತಹಶೀಲ್ದಾರರಿಗೂ ಸಿಗಲಿಲ್ಲ. 2023ರಲ್ಲಿ ಹಾವೇರಿಯ ಹಾಲಿ ಶಾಸಕ ಓಲೇಕಾರರಿಗೆ ಬಿಜೆಪಿ ಕೊಡಲಿಲ್ಲ. ಮೂರೂ ಕಡೆ ಮತದಾರನ ಕೈಗೆ ಚೀಟಿ ಬರುವ ಮೊದಲೇ ತೀರ್ಮಾನ ಆಗಿತ್ತು.

ತಹಶೀಲ್ದಾರರ ಹೆಸರು ಬಂತಲ್ಲ, ಅವರನ್ನೂ ಉದಾಸಿಯವರನ್ನೂ ಬಿಟ್ಟು ಈ ಜಿಲ್ಲೆಯ ಸೋಲು ಗೆಲುವಿನ ಮಾತು ಪೂರ್ತಿಯಾಗದು. 1978ರಿಂದ 2018ರವರೆಗೆ ಹಾನಗಲ್ಲಿನ ಹತ್ತು ಚುನಾವಣೆಗಳಲ್ಲಿ ಮೂರನೆಯವರೊಬ್ಬರು ಗೆದ್ದದ್ದೇ ಇಲ್ಲ. ಆರು ಸಲ ಉದಾಸಿ, ನಾಲ್ಕು ಸಲ ತಹಶೀಲ್ದಾರ. ಉದಾಸಿಯವರು ಪಕ್ಷೇತರ, ಜನತಾ, ಜನತಾ ದಳ, ಬಿಜೆಪಿ ಎಂದು ಗುರುತು ಬದಲಿಸಿದರೂ 2013ರವರೆಗೆ ಎದುರಾಳಿ ಬದಲಾಗಲಿಲ್ಲ. 2013ರಲ್ಲಿ ಕೆಜೆಪಿಯಿಂದ ನಿಂತಾಗ ಸೋತರು. 2021ರ ಜೂನ್ 8ರಂದು ಅವರು ತೀರಿಕೊಂಡ ಮೇಲೆ ನಡೆದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಶ್ರೀನಿವಾಸ ಮಾನೆ ಗೆದ್ದು ಆ ಜೋಡಿಯಾಟ ಮುಗಿಯಿತು. ಹೀಗೆ ದಶಕಗಳ ಕಾಲ ಒಬ್ಬರಿಗೊಬ್ಬರು ಎದುರು ನಿಂತವರಿಗೆ ಸೋಲು ಎಂದರೆ ಐದು ವರ್ಷದ ರಜೆ ಇದ್ದಂತೆ. ಸೋತ ಮರುದಿನದಿಂದಲೇ ಮುಂದಿನದರ ತಯಾರಿ.

ಸಂಬಳದ ವಿಷಯ ನೀವು ಕೇಳಿಲ್ಲ, ಮನಸ್ಸಿನಲ್ಲಿ ಇದ್ದೇ ಇರುತ್ತದೆ. 2025ರ ಮಾರ್ಚ್ 21ರಂದು ಅಂಗೀಕಾರವಾದ ತಿದ್ದುಪಡಿಯಂತೆ ಶಾಸಕರ ತಿಂಗಳ ವೇತನ 40 ಸಾವಿರದಿಂದ 80 ಸಾವಿರಕ್ಕೆ, ಮಾಜಿಗಳ ಪಿಂಚಣಿ 50 ಸಾವಿರದಿಂದ 75 ಸಾವಿರಕ್ಕೆ ಏರಿತು. ಕ್ಷೇತ್ರ ಭತ್ಯೆ, ಪ್ರಯಾಣ ಭತ್ಯೆ ಬೇರೆ. ಅಂದು ಗದ್ದಲದಲ್ಲಿ 18 ಬಿಜೆಪಿ ಶಾಸಕರು ಆರು ತಿಂಗಳ ಅಮಾನತಿಗೆ ಒಳಗಾದರು, ವೇತನದ ಮಸೂದೆ ಮಾತ್ರ ಅದೇ ಗದ್ದಲದಲ್ಲಿ ಚರ್ಚೆಯಿಲ್ಲದೆ ಪಾಸಾಯಿತು. ಹಣ ದೊಡ್ಡದೇ. ಆದರೆ ದಿನಕ್ಕೆ ನಾಲ್ಕು ಮದುವೆಯ ಮುಯ್ಯಿ, ಜಾತ್ರೆಯ ಕಾಣಿಕೆ, ಆಸ್ಪತ್ರೆ ಖರ್ಚಿಗೆಂದು ಕೈ ಚಾಚಿದವರಿಗೆ ಕೊಡುವುದು ಇವೆಲ್ಲ ವೇತನದ ಲೆಕ್ಕದಲ್ಲಿ ಬರುವುದಿಲ್ಲ. ಒಬ್ಬ ಅಭ್ಯರ್ಥಿ ಚುನಾವಣೆಗೆ ಮಾಡಬಹುದಾದ ಖರ್ಚಿನ ಮಿತಿ 40 ಲಕ್ಷ. ಠೇವಣಿ ಮಾತ್ರ 10 ಸಾವಿರ, ಪರಿಶಿಷ್ಟರಿಗೆ 5 ಸಾವಿರ. ಮಿತಿಯ ಬಗ್ಗೆ ನಿಮ್ಮ ಊರಿನ ಚಹಾದಂಗಡಿಯಲ್ಲಿ ಕೇಳಿದರೆ ನಗುತ್ತಾರೆ, ನಾನೂ ನಗುತ್ತೇನೆ.

ನೀವು ಓದು ಮುಗಿಸಿ ಕೆಲಸ ಹಿಡಿಯುವ ಹೊತ್ತಿಗೆ ಗೆರೆಗಳು ಮತ್ತೆ ಸರಿಯುವ ಸಾಧ್ಯತೆ ಇದೆ. ಸಂವಿಧಾನದ ಪ್ರಕಾರ 2026ರ ನಂತರದ ಮೊದಲ ಜನಗಣತಿಯ ಆಧಾರದ ಮೇಲೆ ಕ್ಷೇತ್ರಗಳ ಮರುಹಂಚಿಕೆ ಆಗಬೇಕು. 2023ರ 106ನೇ ತಿದ್ದುಪಡಿಯಂತೆ ಮಹಿಳೆಯರಿಗೆ ಮೂರನೇ ಒಂದರಷ್ಟು ಸ್ಥಾನ ಸಿಗುವುದು ಆ ಮರುಹಂಚಿಕೆಯ ನಂತರವೇ. 2023ರಲ್ಲಿ ನಮ್ಮ 224ರ ಸದನಕ್ಕೆ ಆರಿಸಿ ಬಂದ ಮಹಿಳೆಯರು ಹತ್ತೇ ಮಂದಿ. ಹಾವೇರಿ ಜಿಲ್ಲೆಗೆ ಆರು ಸ್ಥಾನವೇ ಉಳಿದರೆ ಲೆಕ್ಕದ ಪ್ರಕಾರ ಎರಡು ಮಹಿಳೆಯರಿಗೆ. ಅವು ಯಾವ ಎರಡು, ಪರಿಶಿಷ್ಟ ಜಾತಿಯ ಮೀಸಲು ಹಾವೇರಿಯಲ್ಲೇ ಇರುತ್ತದೋ ಮತ್ತೆ ಬ್ಯಾಡಗಿಗೋ ರಾಣೆಬೆನ್ನೂರಿಗೋ ಹೋಗುತ್ತದೋ ಎಂಬ ಚಿಂತೆ ಆರೂ ಕ್ಷೇತ್ರಗಳ ಆಕಾಂಕ್ಷಿಗಳ ನಿದ್ದೆ ಕೆಡಿಸುವಂಥದ್ದು. ಆಯೋಗ ಕರಡು ಪ್ರಕಟಿಸಿದಾಗ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯುತ್ತದೆ. ಕರ್ಜಗಿಯಿಂದಲೂ ಒಂದು ಅರ್ಜಿ ಹೋಗಬಹುದು, ಅದಕ್ಕೆ ಶಾಸಕರ ಸಹಿ ಬೇಕಿಲ್ಲ.

ಅಷ್ಟರೊಳಗೆ ಒಂದು ಸಲ ಸದನವನ್ನು ಕಣ್ಣಾರೆ ನೋಡಿ. ಬೆಂಗಳೂರು ದೂರವಾದರೆ ಬೆಳಗಾವಿಯ ಸುವರ್ಣ ವಿಧಾನಸೌಧ ಇದೆ, ಚಳಿಗಾಲದ ಅಧಿವೇಶನ ಅಲ್ಲಿ ನಡೆಯುತ್ತದೆ. ವೀಕ್ಷಕರ ಗ್ಯಾಲರಿಯ ಪಾಸಿಗೆ ಶಾಸಕರ ಶಿಫಾರಸು ಬೇಕಾಗುತ್ತದೆ. ಅದಕ್ಕೆ ಬೆಳಿಗ್ಗೆ ಏಳಕ್ಕೆ ಅವರ ಮನೆ ಮುಂದೆ ಹೋಗಿ ನಿಲ್ಲಬೇಕು. ಪ್ರಶ್ನೋತ್ತರದ ಹೊತ್ತಿಗೆ ಒಳಗಿರುವಂತೆ ಹೋಗಿ. ಊಟದ ಬಿಡುವಿನ ಮೇಲೆ ಹೋದರೆ ಖಾಲಿ ಕುರ್ಚಿಗಳೇ ಹೆಚ್ಚು ಕಾಣುತ್ತವೆ.